ತೊಗರಿ ಚೀಲದ ಜಾಗದಲ್ಲಿ ಕೂತು ಗಂಡನ ಮನೆಗೆ

ಕಲಬುರ್ಗಿಯಿಂದ ಕಮಲಾಪುರಕ್ಕೆ, ಅಂದರೆ ತವರಿನಿಂದ ಗಂಡನ ಮನೆಗೆ, ನಾನು ಚಕ್ಕಡಿಯಲ್ಲಿ ಹೋಗಿದ್ದೇನೆ, ಮೋಟಾರು ಬಸ್ಸಿನಲ್ಲಿ ಹೋಗಿದ್ದೇನೆ, ಒಮ್ಮೆ ಮಳೆಗಾಲದಲ್ಲಿ ಸೀರೆ ಮೊಣಕಾಲಿಗೆ ಕಟ್ಟಿಕೊಂಡು ಹಳ್ಳ ದಾಟಿಯೂ ಹೋಗಿದ್ದೇನೆ. ಒಂದು ಸಲ ಮಾತ್ರ ಆಕಾಶದಲ್ಲಿ ಹೋದೆ. ಈ ಮಾತು ತೆಗೆದರೆ ಮೊಮ್ಮಕ್ಕಳು ನನ್ನ ಮುಖ ನೋಡುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆನ್ನುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಂಬದಿದ್ದರೆ ಅವರ ಕರ್ಮ.

ನಿಜಾಮರ ಕಾಲದ ಮಾತು. ನಮ್ಮಪ್ಪನದು ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ತೊಗರಿಯ ಅಡತ್ತಿ ಅಂಗಡಿ. ಅಣ್ಣನನ್ನು ಹೈದರಾಬಾದಿಗೆ ಓದಲು ಕಳಿಸಿದರೆ ಅವನು ಓದಿನ ಜೊತೆಗೆ ಹಾರುವ ಹುಚ್ಚನ್ನೂ ಹಚ್ಚಿಕೊಂಡು ಬಂದ. ಊರ ಹೊರಗಿನ ಬಯಲಿನಲ್ಲಿ ಒಂದು ತಗಡಿನ ಕೊಟ್ಟಿಗೆ ಎಬ್ಬಿಸಿ ಹಾರಾಟದ ಸಂಘ ಎಂದು ಬೋರ್ಡು ಹಾಕಿದ. ಬಂದು ನೋಡಿ ನಕ್ಕು ಹೋಗುವವರು ಬಹಳ ಜನ. ದಿನಾ ಮೈ ಬಗ್ಗಿಸಿ ದುಡಿಯುವವರು ಇಬ್ಬರೇ: ಅಣ್ಣ, ಮತ್ತೆ ಮೋಮಿನಪುರದ ಒಬ್ಬ ಮುದುಕ ದರ್ಜಿ. ಶೇರವಾನಿ ಹೊಲಿದು ಹೊಲಿದು ಬೇಸತ್ತಿದ್ದ ಆ ಉಸ್ತಾದರಿಗೆ ರೆಕ್ಕೆ ಹೊಲಿಯುವುದೆಂದರೆ ಹಬ್ಬ. ತವರಿಗೆ ಬಂದಾಗಲೆಲ್ಲ ಮೂರನೆಯವಳು ನಾನು.

ಸಂಘದಲ್ಲಿ ಹಾರುತ್ತಿದ್ದದ್ದು ಮೂರು ಯಂತ್ರ. ಮೊದಲನೆಯದಕ್ಕೆ ಮೈಯೇ ಇರಲಿಲ್ಲ. ನಾಲ್ಕು ಕಟ್ಟಿಗೆ, ಮೇಲೊಂದು ರೆಕ್ಕೆ, ಕೂಡಲು ಒಂದು ಹಲಗೆ. ಅದನ್ನು ನಾವು ಮಂಚ ಎನ್ನುತ್ತಿದ್ದೆವು. ಎಂಟು ಜನ ರಬ್ಬರಿನ ಹಗ್ಗ ಹಿಡಿದು ಜಗ್ಗಿ ಬಿಟ್ಟರೆ ಮಂಚ ಟಣ್ಣನೆ ಎಗರಿ, ಅರ್ಧ ಫರ್ಲಾಂಗು ಹೋಗಿ ಕುಕ್ಕರಿಸುತ್ತಿತ್ತು. ಎರಡನೆಯದು ಚೆಲುವೆ. ಉದ್ದ ರೆಕ್ಕೆ, ನುಣ್ಣನೆಯ ಮೈ, ಅಕ್ಕಪಕ್ಕ ಇಬ್ಬರು ಕೂಡುವಷ್ಟು ಜಾಗ. ಇದಕ್ಕೂ ಇಂಜಿನ್ನಿಲ್ಲ. ಮೂರನೆಯದು ಹೈದರಾಬಾದಿನಿಂದ ಆಗಾಗ ಬಂದು ಹೋಗುವ, ಎರಡು ಅಂತಸ್ತಿನ ರೆಕ್ಕೆಯ, ಗುಡುಗುಡು ಸದ್ದಿನ ವಿಮಾನ. ಅದು ಮುಂದೆ ಓಡಬೇಕು, ಹಿಂದೆ ಹಗ್ಗ ಕಟ್ಟಿಸಿಕೊಂಡು ಚೆಲುವೆ ಏರಬೇಕು. ಸಾಕಷ್ಟು ಎತ್ತರವಾದ ಮೇಲೆ ಒಳಗಿನ ಗುಬುಟು ಜಗ್ಗಿದರೆ ಹಗ್ಗ ಕಳಚಿಕೊಳ್ಳುತ್ತದೆ. ಆಮೇಲೆ ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಗತಿ. ನಮ್ಮವ್ವ ಒಂದು ಸಲ ಬಂದು, ಸೊಂಟದ ಮೇಲೆ ಕೈಯಿಟ್ಟು ಎರಡನ್ನೂ ನೋಡಿ, "ಮುಂದ ಒದರಿಕೋತ ಹೋಗೂದು ಅತ್ತಿ, ಹಿಂದ ಬಾಯಿ ಮುಚಿಗೊಂಡು ಹೋಗೂದು ಸೊಸಿ" ಎಂದು ಬಿಟ್ಟಳು. ಅವತ್ತಿನಿಂದ ಎಲ್ಲರಿಗೂ ಅವು ಅತ್ತಿ ಮತ್ತು ಸೊಸಿಯೇ. ಅತ್ತಿಯನ್ನು ಹಾರಿಸಲು ಬರುತ್ತಿದ್ದ ಹೈದರಾಬಾದಿನ ಕಪ್ತಾನ ಸಾಹೇಬರು ಕೂಡ "ಅತ್ತಿಗೆ ಪೆಟ್ರೋಲ್ ಹಾಕ್ರಿ" ಎನ್ನತೊಡಗಿದರು.

ರೆಕ್ಕೆಗೆ ಬಟ್ಟೆ ಹೊಲಿದ ಮೇಲೆ ಅದಕ್ಕೊಂದು ದ್ರಾವಣ ಬಳಿಯಬೇಕು, ಬಟ್ಟೆ ಬಿಗಿದು ತಮ್ಮಟೆಯಂತಾಗಲಿ ಎಂದು. ಅದರ ವಾಸನೆಗೆ ಒಂದು ಗುಣವಿತ್ತು. ಹತ್ತು ನಿಮಿಷ ಬಳಿದರೆ ಸಾಕು, ಕಾರಣವಿಲ್ಲದೆ ನಗು ಬರುತ್ತಿತ್ತು. ಉಸ್ತಾದರು ಕೆಮ್ಮಿದರೂ ನಗು, ಅಣ್ಣನ ಮೀಸೆ ನೋಡಿದರೂ ನಗು. ಗಂಡನ ಮನೆಯಲ್ಲಿ ಸೆರಗು ಬಾಯಿಗಿಟ್ಟು ನಗಬೇಕಾದ ನಾನು ಆ ಕೊಟ್ಟಿಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ತವರು ಎಂದರೆ ನನಗೆ ಅದೇ ಆಗಿತ್ತು.

ಆದರೆ ಹೊಲಿದವಳು ನಾನು, ಹಾರಿದ್ದು ಮಾತ್ರ ತೊಗರಿ ಚೀಲ. ಸೊಸಿಯಲ್ಲಿ ಒಬ್ಬರೇ ಕೂತರೆ ಮೂಗು ಹಗುರಾಗಿ ಮೇಲೆದ್ದು ಬಿಡುತ್ತದೆ. ಅದಕ್ಕೆ ಪಕ್ಕದ ಜಾಗದಲ್ಲಿ ನಮ್ಮ ಅಡತ್ತಿಯ, ಒಂದು ಆಳಿನ ತೂಕದ ತೊಗರಿ ಚೀಲ ಕೂಡಿಸಿ, ಪಟ್ಟಿ ಬಿಗಿದು, ಅಣ್ಣ ಹೊರಡುತ್ತಿದ್ದ. ಆ ಚೀಲ ಕಲಬುರ್ಗಿಯಲ್ಲಿ ಯಾರೂ ನೋಡದಷ್ಟು ಸಲ ಆಕಾಶ ನೋಡಿತ್ತು. ಅದು ಇಳಿದು ಬಂದಾಗ ನನಗೆ ಎಷ್ಟು ಹೊಟ್ಟೆಕಿಚ್ಚು ಬರುತ್ತಿತ್ತೆಂದರೆ, ಯಾರೂ ಇಲ್ಲದಾಗ ಒಂದೆರಡು ಸಲ ಅದಕ್ಕೆ ಒದ್ದದ್ದೂ ಉಂಟು.

ಈಗ ನನ್ನ ಅತ್ತೆಯ ವಿಷಯ ಹೇಳಬೇಕು, ವಿಮಾನವಲ್ಲ, ನಿಜವಾದ ಅತ್ತೆ. ಕಮಲಾಪುರದ ಕೆಂಪು ಬಾಳೆಯ ತೋಟದ ಯಜಮಾನಿ. ಮಾತು ಕಡಿಮೆ, ಆಡಿದರೆ ಅದನ್ನು ಯಾರೂ ಎರಡನೇ ಸಲ ಆಡಿಸುತ್ತಿರಲಿಲ್ಲ. ಹಿಂದಿನ ಸಲ ಪಂಚಮಿಗೆ ತವರಿಗೆ ಬಂದವಳು ಎರಡು ದಿನ ತಡ ಮಾಡಿ ಮರಳಿದ್ದೆ. ಅರ್ಧ ಹೊಲಿದ ರೆಕ್ಕೆ ಬಿಟ್ಟು ಬರಲು ಮನಸ್ಸಾಗಿರಲಿಲ್ಲ. ಹೇಳಿದ ನೆಪ ದಾರಿಯ ಎರೆಮಣ್ಣಿನ ಕೆಸರಿನದು. ಅತ್ತೆ ಒಂದು ಮಾತೂ ಆಡಿರಲಿಲ್ಲ. ಈ ಸಲ ದಸರೆಗೆ ಕಳಿಸುವಾಗ ಹೊಸ್ತಿಲಲ್ಲಿ ನಿಂತು ಆಡಿದರು.

"ದಶಮಿ ಮರುದಿನ ದೀಪಾ ಹಚ್ಚೂದರಾಗ ಮನ್ಯಾಗ ಇರಬೇಕು. ಇಲ್ಲಂದ್ರ ಇದೇ ಕಡೀ ತವರು ಅಂತ ತಿಳಕೋ."

ಬಸ್ಸು ಹತ್ತಿದರೆ ಮುಗಿಯುತ್ತಿತ್ತು. ಆದರೆ ದಶಮಿಯ ಮರುದಿನವೇ ಅಣ್ಣ ಸೊಸಿಯನ್ನು ಕಮಲಾಪುರದ ತನಕ ಹಾರಿಸುವವನಿದ್ದ. ಅದರ ಮರುದಿನ ಅತ್ತಿ ದುರಸ್ತಿಗೆಂದು ಹೈದರಾಬಾದಿಗೆ ಹೊರಡುತ್ತಿತ್ತು, ಮತ್ತೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಇಂಜಿನ್ನಿಲ್ಲದೆ ಅಷ್ಟು ದೂರ ಹೋಗುವುದು ಸಂಘದ ದೊಡ್ಡ ಕನಸು. ಆ ಕನಸಿನಲ್ಲಿಯೂ ನನ್ನ ಜಾಗದಲ್ಲಿ ಚೀಲವೇ ಕೂತಿತ್ತು.

"ಆ ಚೀಲಕ್ಕ ಕಮಲಾಪುರದಾಗ ಏನು ಕೆಲಸ ಅದಣ್ಣ? ನಂದು ಗಂಡನ ಮನಿ ಅದ. ನನ್ನ ಕರಕೊಂಡು ಹೋಗು" ಎಂದೆ.

"ಹುಚ್ಚಿ, ಚೀಲ ಚೀರಂಗಿಲ್ಲ."

"ನಾನೂ ಚೀರಂಗಿಲ್ಲ."

"ಚೀಲಕ್ಕ ಅತ್ತಿ ಇಲ್ಲ."

ಕಪ್ತಾನ ಸಾಹೇಬರೇ ನಡುವೆ ಬಂದರು. "ವಜನ ಬರಾಬರ್ ಇದ್ರೆ ಬೆಹನ್‌ಜೀ ಬರಲಿ. ಚೀಲದ ಜಗಾದಾಗ ಚೀಲದಷ್ಟೇ ಇರಬೇಕು, ಬಸ್."

ಅಡತ್ತಿಯ ದೊಡ್ಡ ತಕ್ಕಡಿಯಲ್ಲಿ ಒಂದು ಕಡೆ ಚೀಲ, ಒಂದು ಕಡೆ ನಾನು. ಹಮಾಲರೆಲ್ಲ ಕೆಲಸ ಬಿಟ್ಟು ನಿಂತು ನೋಡಿದರು. ನಾನು ಕೂತ ಪರಡಿ ದಪ್ಪನೆ ನೆಲಕ್ಕೆ ಕೂತಿತು. ಚೀಲಕ್ಕಿಂತ ಎರಡು ಸೇರು ನಾನೇ ಹೆಚ್ಚು! ನವರಾತ್ರಿ ಆಗ ತಾನೇ ಸುರುವಾಗಿತ್ತು. ದೇವಿಯ ಹೆಸರಿನಲ್ಲಿ ಉಪವಾಸ ಎಂದು ಸಾರಿಬಿಟ್ಟೆ. ಮನೆತುಂಬ ಹೋಳಿಗೆಯ ವಾಸನೆ, ನಾನು ಮಾತ್ರ ಒಂದು ಪೇರಲಕಾಯಿ ಹಿಡಿದು ಕೂತಿರುತ್ತಿದ್ದೆ. ನನ್ನ ಭಕ್ತಿ ನೋಡಿ ಅವ್ವನ ಕಣ್ಣಲ್ಲಿ ನೀರು. ದೇವಿ ನಕ್ಕಿರಬೇಕು.

ಹೊರಡುವ ದಿನ ಮುಂಜಾನೆ ಮತ್ತೆ ತಕ್ಕಡಿ ಏರಿದೆ. ಕಪ್ತಾನ ಸಾಹೇಬರು ಒಂದು ಕಣ್ಣು ಮುಚ್ಚಿ ಮುಳ್ಳು ನೋಡಿ, "ಬಿಲ್ಕುಲ್ ಬರಾಬರ್!" ಎಂದು ಕೂಗಿದರು. ನಾನು ಪರಡಿಯಲ್ಲಿಯೇ ಎರಡು ಸಲ ಕುಣಿದೆ. ಬಿಸಿಗಾಳಿ ಏಳಲು ಬಿಸಿಲು ಏರಬೇಕು, ಅದಕ್ಕೆ ಊಟದ ಹೊತ್ತು ದಾಟುವ ತನಕ ಕಾಯಬೇಕಿತ್ತು. ದಿನಕ್ಕೆ ಒಂದೇ ಇದ್ದ ಕಮಲಾಪುರದ ಬಸ್ಸು ಧೂಳೆಬ್ಬಿಸುತ್ತ ಹೋಗುವುದನ್ನು ನಿಂತು ನೋಡಿದೆ. ಇನ್ನು ಹಿಂದಿರುಗುವ ದಾರಿಯಿರಲಿಲ್ಲ.

ಅವ್ವ ಬೇಡ ಎನ್ನುತ್ತಾಳೆಂದು ಹೆದರಿದ್ದೆ. ಅವಳ ಲೆಕ್ಕ ಬೇರೆಯೇ. "ಅಣ್ಣ ತಂಗೀನ ಮುಟ್ಟಿಸಿ ಬರೂದು ನಮ್ಮಾಗಿನ ಪದ್ಧತಿ. ಹ್ಯಾಂಗ ಮುಟ್ಟಸ್ತಾನ ಅನ್ನೂದು ಅವನಿಗೆ ಬಿಟ್ಟಿದ್ದು" ಎಂದಳು. ಬಯಲಿಗೇ ಬಂದು, ಸೊಸಿಯ ಪಕ್ಕದಲ್ಲಿಯೇ ನನ್ನನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ ಉಡಿ ತುಂಬಿದಳು. ಮಗಳು ಒಂಬತ್ತು ದಿನ ಉಪವಾಸ ಇದ್ದಾಳೆಂದು ಐದು ಬೊಗಸೆಯ ಜಾಗದಲ್ಲಿ ಹತ್ತು ಬೊಗಸೆ ಅಕ್ಕಿ. ಐದು ಗಿಟುಕ ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು, ಅರಿಸಿನ ಕೊಂಬು, ಎಲೆ ಅಡಿಕೆ, ಕುಪ್ಪಸದ ಕಣ. ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತರೆ ಒಂಬತ್ತು ತಿಂಗಳ ಬಸುರಿಯಂತೆ ಕಾಣುತ್ತಿದ್ದೆ. ಮೇಲೆ ಬುತ್ತಿಯ ಗಂಟು. ಅದರ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ. ಅದನ್ನು ಎತ್ತಿ ಸೀಟಿನ ಕೆಳಗೆ ಇಟ್ಟವನು ಸ್ವತಃ ಅಣ್ಣ. ಉಸ್ತಾದರು "ಸಂಭಾಳಸ್ಕೊಂಡು, ಬೇಟಿ" ಎಂದು ನನ್ನ ಉಡಿ ಸಿಕ್ಕಿಕೊಳ್ಳದಂತೆ ಪಟ್ಟಿ ಬಿಗಿದರು. ಕಪ್ತಾನ ಸಾಹೇಬರು ಅತ್ತಿಯ ಮೇಲೆ ಕೂತು ಕೈಬೀಸಿದರು. ಮುಂಜಾನೆ ಮುಳ್ಳು ನೋಡಿ ತೂಗಿದ ಇಷ್ಟು ಜನರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ. ನನಗೂ ಇಲ್ಲ. ಉಡಿಯನ್ನು ಯಾರಾದರೂ ಭಾರ ಎಂದು ಎಣಿಸುತ್ತಾರೆಯೇ?

ಅತ್ತಿ ಗುಡುಗಿತು. ಹಗ್ಗ ಬಿಗಿಯಿತು. ಉಸ್ತಾದರು ಆ ವಯಸ್ಸಿನಲ್ಲಿ ರೆಕ್ಕೆಯ ತುದಿ ಹಿಡಿದು ಗಡ್ಡ ಹಾರಿಸುತ್ತ ನಮ್ಮ ಜೊತೆಗೆ ಓಡಿದರು. "ಯಾಕೋ ಮೂಗು ಏಳವಲ್ದು" ಎಂದು ಅಣ್ಣ ಗೊಣಗಿದ. ಬಯಲು ಮುಗಿಯುತ್ತ ಬಂತು, ಬಂತು, ಆಮೇಲೆ ಗಡಗಡ ಸದ್ದು ತಟ್ಟನೆ ನಿಂತಿತು. ನೆಲ ನಮ್ಮನ್ನು ಬಿಟ್ಟುಬಿಟ್ಟಿತ್ತು.

ಚೀರುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಚೀರಿದೆ. ಹೆದರಿಕೆಗಲ್ಲ, ಖುಷಿಗೆ. ಕೋಟೆ ಕೆಳಗೆ ಮಕ್ಕಳಾಟದ ಗೂಡಿನಂತೆ ಕೂತಿತ್ತು. ದರ್ಗಾದ ಗುಮ್ಮಟ, ಊರ ಕೆರೆ, ಗಂಜಿನ ಮಾಳಿಗೆಗಳು, ನಮ್ಮ ಮನೆಯ ಮಾಳಿಗೆಯ ಮೇಲೆ ಒಣಹಾಕಿದ ನನ್ನದೇ ಹಸಿರು ಸೀರೆ! "ಅಣ್ಣಾ, ನನ್ನ ಸೀರಿ! ಅಣ್ಣಾ, ನನ್ನ ಸೀರಿ ನೋಡೋ!" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದೆ. "ಕೈ ಬಿಡಲೇ, ಸಾಯ್ತೀವಿ" ಎಂದು ಅವನೂ ನಗತೊಡಗಿದ. ನನ್ನ ಹೊಲಿಗೆ ಕಣ್ಣ ಮುಂದೆಯೇ ಗಾಳಿ ತುಂಬಿಕೊಂಡು ನಮ್ಮಿಬ್ಬರನ್ನೂ ಹೊತ್ತಿತ್ತು. ಅಷ್ಟು ಹೆಮ್ಮೆ ನನಗೆ ಮಗ ಹುಟ್ಟಿದಾಗಲೂ ಆಗಲಿಲ್ಲ ಎಂದರೆ ಮಗ ಬೇಸರ ಮಾಡಿಕೊಳ್ಳಬಾರದು.

ಮಹಾಗಾಂವ ಬಂದಾಗ ಹಗ್ಗ ಬಿಡುವ ಹೊತ್ತಾಯಿತು. ಅತ್ತಿಗೆ ಹಾಕಿದ್ದ ಪೆಟ್ರೋಲು ಅಲ್ಲಿಗೆ ಹೋಗಿ ಮರಳುವಷ್ಟೇ. ಅಣ್ಣ ಗುಬುಟು ಜಗ್ಗಿದ, ಕಪ್ತಾನ ಸಾಹೇಬರು ಕೈಬೀಸಿ ತಿರುಗಿಸಿಕೊಂಡು ಹೋದರು. ಗದ್ದಲವೆಲ್ಲ ಹೋಗಿ ಗಾಳಿಯ ಸುಯ್ ಎನ್ನುವ ಸದ್ದೊಂದೇ ಉಳಿಯಿತು. ಎತ್ತರ ತೋರಿಸುವ ಮುಳ್ಳು ಮಾತ್ರ ಇಳಿಯತೊಡಗಿತ್ತು.

"ಚೀಲ ಇದ್ದಾಗ ಹಿಂಗ ಇಳೀತಿರಲಿಲ್ಲ" ಎಂದ ಅಣ್ಣ. ನನ್ನ ಕಡೆ ನೋಡಿದ. ನನ್ನ ಹೊಟ್ಟೆಯ ಕಡೆ ನೋಡಿದ. "ಅದೇನದು?"

"ಉಡಿ."

"ಉಡ್ಯಾಗ ಏನದ?"

"ಅಕ್ಕಿ. ಗಿಟುಕ. ಹಣ್ಣು."

"ಸೀಟಿನ ಬುಡಕ?"

"ಬುತ್ತಿ. ಮತ್ತ ನೀ ಇಟ್ಟ ಉಪ್ಪಿನಕಾಯಿ."

ಅವನ ಮುಖ ನೋಡಬೇಕಿತ್ತು. ಹೈದರಾಬಾದಿನಲ್ಲಿ ಓದಿ ಬಂದವನು! "ನಾವು ಮುಂಜಾನೆ ತೂಗಿದ್ದು ಏನನ್ನ?" ಎಂದ. "ನನ್ನ" ಎಂದೆ. "ಹಂಗಾದ್ರ ಮದಲ ಆ ಬುತ್ತಿ ಖಾಲಿ ಮಾಡು" ಎಂದು ಕೂಗಿದ.

ಒಂಬತ್ತು ದಿನದ ಹಸಿವು. ಖಾಲಿ ಮಾಡು ಎಂದದ್ದೇ ತಡ, ಗಂಟು ಬಿಚ್ಚಿ ಒಂದು ಹೋಳಿಗೆ ಬಾಯಿಗಿಟ್ಟೆ. ಎರಡನೆಯದನ್ನು ಅವನ ಬಾಯಿಗೂ ತುರುಕಿದೆ. ಮೂರನೆಯದು ಮುಗಿಯುವಾಗ ಅವನಿಗೆ ಬುದ್ಧಿ ಬಂತು. "ಏ, ತಿಂದ್ರ ತೂಕ ಎಲ್ಲಿ ಹೋಗತದಲೇ? ನಿನ್ನ ಹೊಟ್ಟ್ಯಾಗೇ ಕೂಡತದ!"

"ಇರಲಿ, ಇದೊಂದು ಮುಗಸ್ತೀನಿ" ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬೀಳುತ್ತಿದ್ದೇವೆ ಎಂದು ಗೊತ್ತಿದ್ದೂ ಬಾಯಿತುಂಬ ಹೂರಣ ಇಟ್ಟುಕೊಂಡು ನಗುತ್ತಿದ್ದೆವು.

ಆಮೇಲೆ ರೊಟ್ಟಿಗಳನ್ನು ಒಂದೊಂದಾಗಿ ಹೊರಗೆ ಬಿಟ್ಟೆ, ತಿರುಗುತ್ತ ತಿರುಗುತ್ತ ಹೋದವು. ಆಡುಕುರಿಯೂ ಇಲ್ಲದ ಕಲ್ಲು ಮರಡಿ ನೋಡಿ ಭರಣಿಯನ್ನು ಕೈಬಿಟ್ಟೆ. ಅವ್ವ ಎರಡು ವರ್ಷ ಕಾದಿಟ್ಟ ಉಪ್ಪಿನಕಾಯಿ ಅದು. ಆದರೂ ಮುಳ್ಳು ಇಳಿಯುತ್ತಲೇ ಇತ್ತು. ಉಳಿದದ್ದು ಉಡಿ ಒಂದೇ.

"ಉಡಿ ಬ್ಯಾಡ. ಅವ್ವ ತುಂಬಿದ್ದು. ಇಲ್ಲೇ ಯಾವುದರೆ ಹೊಲದಾಗ ಇಳಸ್ತೀನಿ" ಎಂದ ಅಣ್ಣ. ಈಗ ಅವನು ನಗುತ್ತಿರಲಿಲ್ಲ.

ಇಲ್ಲಿ ಇಳಿದರೆ ಉಳಿದ ದಾರಿ ನಡೆದೇ ಹೋಗಬೇಕು, ಊರು ಮುಟ್ಟುವಾಗ ದೀಪ ಹಚ್ಚಿ ಎಷ್ಟೋ ಹೊತ್ತಾಗಿರುತ್ತದೆ. ಕೊಟ್ಟಿಗೆ, ರೆಕ್ಕೆ, ಉಸ್ತಾದರು, ಅವ್ವ, ಆ ನಗು, ಎಲ್ಲ ಅವತ್ತಿಗೇ ಮುಗಿದಂತೆ. ಇನ್ನು ಉಡಿ ಚೆಲ್ಲಿದರೋ? ಬರಿದಾದ ಉಡಿಯಲ್ಲಿ ತವರಿನಿಂದ ಬಂದ ಸೊಸೆಯನ್ನು ಯಾವ ಅತ್ತೆಯೂ ಕಂಡಿರಲಾರಳು. ಸೀಗಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಆ ದಿನ ತುಂಬು ಬಸುರಿ ಭೂಮಿತಾಯಿಗೆ ಹೊಲಹೊಲಕ್ಕೆ ಹೋಗಿ ಉಡಿ ತುಂಬುವವರು ನಾವು. ಕೆಳಗೆ ನೋಡಿದೆ. ಜೋಳ, ತೊಗರಿ, ಹಸಿರಿನ ಮೇಲೆ ಹಸಿರು. "ತಾಯಿ, ಚೆಲ್ಲಾಕತ್ತಿಲ್ಲ, ನಿನ್ನ ಉಡಿ ತುಂಬಾಕತ್ತೀನಿ. ನಾಕು ದಿನ ಮುಂಚೆ ಅಷ್ಟೇ" ಎಂದು ಸೆರಗಿನ ಗಂಟು ಬಿಚ್ಚಿದೆ.

ಬೊಗಸೆ ಬೊಗಸೆ ಅಕ್ಕಿ ಗಾಳಿಯಲ್ಲಿ ಬೆಳ್ಳಗೆ ಹರಡಿ ಇಳಿಯಿತು. ಹೊಲದಲ್ಲಿ ಕಳೆ ಸದೆ ತೆಗೆಯುತ್ತಿದ್ದ ಹೆಂಗಸರು ತಲೆಯೆತ್ತಿ, ಮೊದಲು ಓಡಿ, ಆಮೇಲೆ ನಿಂತು ಕೈಮುಗಿದರು. ನಾನೂ ಅಲ್ಲಿಂದಲೇ ಕೈಮುಗಿದೆ. ಗಿಟುಕ ಕೊಬ್ಬರಿ ಬರೇ ಮರಡಿಗೆ ಹೋದವು, ಹಣ್ಣು ಹಳ್ಳಕ್ಕೆ. ಅರಿಸಿನ ಕೊಂಬು, ಕುಪ್ಪಸದ ಕಣ ಮಾತ್ರ ಕೈಬಿಡಲು ಆಗಲಿಲ್ಲ.

"ಹದ್ದು!" ಎಂದ ಅಣ್ಣ. ಆಗಷ್ಟೇ ಹರಗಿದ ಕರಿ ಎರೆ ಹೊಲದ ಮೇಲೆ ಎರಡು ಹದ್ದು ರೆಕ್ಕೆ ಬಡಿಯದೆ ಗಿರಕಿ ಹೊಡೆಯುತ್ತಿದ್ದವು. ಸೊಸಿಯನ್ನು ಅವುಗಳ ನಡುವೆ ತೂರಿಸಿದ. ಬಿಸಿಗಾಳಿ ಸಿಕ್ಕಿತು, ಯಾರೋ ಕೆಳಗಿನಿಂದ ಎತ್ತಿದಂತಾಯಿತು. ನಾನು ಮೇಲೆ ಹೋದೆ, ಹೊಟ್ಟೆ ಕೆಳಗೇ ಉಳಿಯಿತು, ಹೋಳಿಗೆ ಎಲ್ಲಿತ್ತೋ ತಿಳಿಯದು. ಸುತ್ತು, ಇನ್ನೊಂದು ಸುತ್ತು, ಇನ್ನೊಂದು. ಹದ್ದಿನ ಕಣ್ಣು ನನಗೆ ಕಾಣುವಷ್ಟು ಹತ್ತಿರ. ಅದೂ ನನ್ನನ್ನು ನೋಡಿತು. ನಗುತ್ತ ನಗುತ್ತ ನನಗೆ ಬಿಕ್ಕಳಿಕೆ ಹತ್ತಿತು, ಕಮಲಾಪುರದ ಬಾಳೆ ತೋಟಗಳು ಕಾಣುವ ತನಕ ಬಿಡಲಿಲ್ಲ.

ನನ್ನ ಗಂಡನಿಗೆ ಮಾತ್ರ ಅಣ್ಣ ಮೊದಲೇ ಕಾಗದ ಬರೆದಿದ್ದ. ಅವರು ತೋಟದ ಪಕ್ಕದ ಬೀಳಿನಲ್ಲಿ ತಮ್ಮ ಬಿಳಿ ಧೋತರ ಹಾಸಿ ಗುರುತು ಮಾಡಿದ್ದರು. ಸೊಸಿ ಎರಡು ಸಲ ಪುಟಿದು, ಧೋತರದ ಮೇಲೆಯೇ ಹೋಗಿ ನಿಂತಿತು. ಊರಿಗೆ ಊರೇ ಓಡಿ ಬಂತು. ಹಿಂದಿನಿಂದ, ಓಡದೆ, ಅತ್ತೆ ಬಂದರು. ಜನ ದಾರಿ ಬಿಟ್ಟರು. ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ಅತ್ತೆ ಮೊದಲು ಹೊತ್ತು ನೋಡಿದರು, ಆಮೇಲೆ ಸೊಸಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಉಡಿ ಎಲ್ಲಿ?"

ಹೇಳಿದೆ. ಇದ್ದದ್ದು ಇದ್ದಂತೆ, ಹೋಳಿಗೆ ತಿಂದದ್ದನ್ನೂ ಬಿಡದೆ ಹೇಳಿದೆ. ಜನರಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ತಿರುಗಿ ನೋಡಿದರು, ಮತ್ತೆ ಯಾರೂ ಉಸಿರು ಬಿಡಲಿಲ್ಲ. "ಮನಿಗೆ ನಡಿ" ಎಂದರು ನನಗೆ. ಅಷ್ಟೇ. ಅಷ್ಟು ಹೊತ್ತಿನ ಖುಷಿಯೆಲ್ಲ ಇಳಿದುಹೋಯಿತು. ಮುಗಿಯಿತು, ಇನ್ನು ತವರಿಲ್ಲ ಎಂದುಕೊಂಡೆ.

ಪಡಸಾಲೆಯಲ್ಲಿ ನನ್ನನ್ನು ಕೂಡಿಸಿ, ಕುಡಿಯಲು ನೀರು ಕೊಟ್ಟು, ಅತ್ತೆ ಅಣ್ಣನನ್ನೂ ನನ್ನ ಗಂಡನನ್ನೂ ಹೊರಗೆ ಕಳಿಸಿದರು. ಬಾಗಿಲು ಅರ್ಧ ಮುಂದೂಡಿದರು. ಬಂದು ನನ್ನ ಎದುರಿಗೆ ಕೂತು, ಬಳೆ ತಿರುಗಿಸತೊಡಗಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ಮ್ಯಾಲಿಂದ ಎಲ್ಲಾ ಊರೂ ಕಾಣಸ್ತಾವೇನ?"

"ಕಾಣಸ್ತಾವ್ರಿ, ಅತ್ತಿ."

"ಮಹಾಗಾಂವ ದಾಟಿದ ಮ್ಯಾಲ, ಎಡಕ, ಹಳ್ಳದ ದಂಡಿಗೆ ಒಂದು ಸಣ್ಣ ಊರು ಅದ. ಅದು ನನ್ನ ತವರು."

ಅವರಿಗೂ ಒಂದು ತವರಿತ್ತು ಎಂಬುದೇ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

"ಇಪ್ಪತ್ತೆರಡು ವರ್ಷ ಆತು ಹೋಗಿ. ಕರಿಯಾವ್ರು ಯಾರೂ ಉಳದಿಲ್ಲ ಅಲ್ಲೆ" ಎಂದರು. ಬಳೆ ಮತ್ತೊಂದು ಸುತ್ತು ತಿರುಗಿತು. "ಬಾವಿ ಮಗ್ಗಲಕ ದೊಡ್ಡ ಬೇವಿನ ಗಿಡ ಅದ. ಕಾಣಿಸ್ತೇನ?"

ಆ ಜಾಗ ದಾಟುವಾಗ ನಾನು ಹೋಳಿಗೆ ತಿನ್ನುತ್ತಿದ್ದೆ. ಊರನ್ನೂ ನೋಡಿರಲಿಲ್ಲ, ಬಾವಿಯನ್ನೂ ನೋಡಿರಲಿಲ್ಲ. ಆದರೆ ಅವರ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ.

"ಕಾಣಿಸ್ತ್ರಿ. ಹಸರಗೆ, ಇಷ್ಟು ದೊಡ್ಡದು" ಎಂದು ಎರಡೂ ಕೈ ಅಗಲಿಸಿ ತೋರಿಸಿದೆ.

ಅತ್ತೆ ನಕ್ಕುಬಿಟ್ಟರು. ಅವರ ಹಲ್ಲು ನಾನು ಮೊದಲ ಸಲ ನೋಡಿದ್ದು ಅವತ್ತೇ. "ಸುಳ್ಳಬುರುಕಿ! ಆ ಗಿಡ ನನ್ನ ಲಗ್ನದ ಹಂದರಕ್ಕ ಕಡದು ಹಾಕ್ಯಾರ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎದ್ದರು. ಬಾಗಿಲು ಪೂರಾ ತೆಗೆದು, ಹೊರಗೆ ನಿಂತಿದ್ದ ಅಣ್ಣನಿಗೂ ಕೇಳಿಸುವಂತೆ ಹೇಳಿದರು:

"ಮುಂದಿನ ಸಲ ತವರಿಂದ ಬರುವಾಗ ಖರೇನ ನೋಡ್ಕೊಂಡು ಬಾ."